ಅಳಿವೆಯ ಸಾಕ್ಷಿ

ಮೂಡುಬಿದಿರೆಯಲ್ಲಿ ನಿಂತವರಿಗೆ ಸಮುದ್ರವು ಕಾಣಿಸದು. ಮಂಗಳೂರಿನ ಕಡಲತೀರವು ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿದೆ. ಆದರೆ ವೇಣೂರಿನ ಗೊಮ್ಮಟನ ಸಮೀಪದಲ್ಲಿ ಹರಿಯುವ ಫಲ್ಗುಣಿಯು ಗುರುಪುರವನ್ನು ಹಾದು ಮಂಗಳೂರಿಗೆ ಇಳಿಯುತ್ತದೆ. ಬೆಳ್ತಂಗಡಿ, ಬಂಟ್ವಾಳಗಳ ಮಳೆನೀರನ್ನು ಹೊತ್ತ ನೇತ್ರಾವತಿಯೂ ಅಲ್ಲಿಗೇ ಬಂದು, ಎರಡು ನದಿಗಳೂ ಒಂದೇ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಘಟ್ಟದ ಬುಡದ ತೋಟದಲ್ಲಿ ಚೆಲ್ಲಿದ ವಸ್ತುವು ಕಡಲನ್ನು ಮುಟ್ಟುವುದು ಈ ದಾರಿಯಿಂದಲೇ.

ತಾಮ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಡಕೆಗೆ ತಗಲುವ ಕೊಳೆರೋಗವನ್ನು ತಡೆಯಲು ಈ ಭಾಗದ ಕೃಷಿಕರು ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ. ಇದು ಅದರ ಪಾಕ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ತಾಮ್ರವು ಕೊಳೆತು ಇಲ್ಲವಾಗುವ ವಸ್ತುವಲ್ಲ. ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು ಉಳಿಯುತ್ತದೆ. ಮಣ್ಣು ಕೊಚ್ಚಿಹೋದರೆ ಅದರೊಡನೆ ಹೊಳೆಗೆ ಸಾಗುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿನೊಡನೆ ಬೆರೆತಾಗ ನುಣ್ಣನೆಯ ಕಣಗಳು ಒಂದಕ್ಕೊಂದು ಕೂಡಿ ತಳಕ್ಕೆ ಇಳಿಯುತ್ತವೆ.

ಹಾಗಾದರೆ ಅಳಿವೆಯ ಕೆಸರಿನಲ್ಲಿ ತಾಮ್ರವು ಕಂಡೊಡನೆ ಅದನ್ನು ಮಾಲಿನ್ಯವೆಂದು ಕರೆಯಬಹುದೇ? ಅದು ಆತುರದ ಮಾತಾದೀತು. ಬಂಡೆಯಲ್ಲಿಯೂ ಮಣ್ಣಿನಲ್ಲಿಯೂ ತಾಮ್ರವು ಸಹಜವಾಗಿಯೇ ಇದೆ. ಜೇಡಿಯಲ್ಲಿ ಹೆಚ್ಚು, ಮರಳಿನಲ್ಲಿ ಕಡಿಮೆ. ಆದುದರಿಂದ ರಸಾಯನವಿಜ್ಞಾನಿಗಳು ತಾಮ್ರದ ಜೊತೆಗೆ ಅಲ್ಯೂಮಿನಿಯಮನ್ನೂ ಅಳೆಯುತ್ತಾರೆ. ಅಲ್ಯೂಮಿನಿಯಮ್ ಜೇಡಿಯ ಸಹಜ ಅಂಗ. ಮಾನವನ ಕಾರ್ಯಗಳಿಂದ ಅದರ ಪ್ರಮಾಣವು ಅಷ್ಟಾಗಿ ಬದಲಾಗುವುದಿಲ್ಲ. ಇವೆರಡರ ಅನುಪಾತವು ಏರಿದ್ದರೆ ಮಾತ್ರ ಹೊರಗಿನಿಂದ ತಾಮ್ರ ಸೇರಿದೆಯೆಂಬ ಸಂದೇಹಕ್ಕೆ ಆಧಾರ ದೊರೆಯುತ್ತದೆ. ಕದಡದೆ ಉಳಿದ ಕೆಸರಿನಲ್ಲಿ ಕೊಳವೆಯನ್ನು ಇಳಿಸಿ ಮೇಲೆತ್ತಿದರೆ, ಕೆಳಗಿನ ಪದರವು ತೋಟಗಳಿಗೆ ಮೈಲುತುತ್ತವೇ ಬಾರದಿದ್ದ ಕಾಲದ ಲೆಕ್ಕವನ್ನು ಕೊಡಬಲ್ಲದು.

ನೀರಾದರೋ ಕ್ಷಣಿಕ ಸಾಕ್ಷಿ. ಬೆಳಿಗ್ಗೆ ಉಬ್ಬರದಲ್ಲಿ ತುಂಬಿದ ಸೀಸೆಗೂ ಮಧ್ಯಾಹ್ನ ಇಳಿತದಲ್ಲಿ ತುಂಬಿದ ಸೀಸೆಗೂ ಹೋಲಿಕೆಯಿರುವುದಿಲ್ಲ. ಅಲ್ಲದೆ ನೀರಿನಲ್ಲಿ ಅತ್ಯಲ್ಪವಾಗಿರುವ ವಿಷವು ಜೀವಿಗಳ ದೇಹದಲ್ಲಿ ಬೆಳೆಯುತ್ತ ಹೋಗಬಹುದು. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ದುರಂತವು ಇಂತಹುದೇ. ಕಾರ್ಖಾನೆಯೊಂದರಿಂದ ಕೊಲ್ಲಿಗೆ ಬಿದ್ದ ಪಾದರಸದ ಸಂಯುಕ್ತವು ಮೀನು, ಚಿಪ್ಪುಮೀನುಗಳಲ್ಲಿ ಸಂಗ್ರಹವಾಗಿ, ಅವನ್ನು ತಿಂದವರ ನರಮಂಡಲವನ್ನು ಕೆಡಿಸಿತು.

ಈ ಕಾರಣದಿಂದ 1975ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅವರು ಪಚ್ಚಿಲೆಯಂತಹ ಚಿಪ್ಪುಜೀವಿಗಳನ್ನೇ ಕಡಲಿನ ಕಾವಲಿಗೆ ಬಳಸಬೇಕೆಂದು ಸೂಚಿಸಿದರು. ಪಚ್ಚಿಲೆಯು ಬಂಡೆಗೆ ಕಚ್ಚಿಕೊಂಡು ಒಂದೇ ಕಡೆ ಬಾಳುತ್ತದೆ. ಹಗಲಿರುಳೂ ನೀರನ್ನು ಸೋಸಿ ಆಹಾರ ಪಡೆಯುತ್ತದೆ. ಅದರ ಮಾಂಸದ ವಿಶ್ಲೇಷಣೆಯು ಹಲವು ವಾರಗಳ ನೀರಿನ ಸ್ಥಿತಿಯನ್ನು ತಿಳಿಸುತ್ತದೆ. ಕರಾವಳಿಯ ಮನೆಗಳಲ್ಲಿ ಪಚ್ಚಿಲೆಯ ಪದಾರ್ಥವು ಪ್ರಿಯವಾದ ಊಟವಾದ್ದರಿಂದ ಈ ಅಂಕಿಗಳು ಕೇವಲ ವಿಜ್ಞಾನಿಗಳಿಗೆ ಸಂಬಂಧಿಸಿದವುಗಳಲ್ಲ.

2022ರ ಜೂನ್ ತಿಂಗಳಿನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಡನೆ ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ತಟರಕ್ಷಣಾ ಪಡೆಯು ಕಾಪಾಡಿತು. ಆದರೆ ಹಡಗಿನ ಒಡಲಿನಲ್ಲಿ ಸುಮಾರು 220 ಟನ್ ಇಂಧನ ತೈಲವಿತ್ತು. ಇಂತಹ ತೈಲವು ಸೋರಿದರೆ ಬೆಸ್ತರಿಗಾಗುವ ನಷ್ಟವನ್ನು ತೀರ್ಮಾನಿಸುವ ಬಗೆ ಹೇಗೆ? ಯಂತ್ರದೋಣಿಗಳು ಓಡಾಡುವ ಬಂದರಿನ ನೀರಿನಲ್ಲಿ ಮೊದಲೇ ಸ್ವಲ್ಪ ಎಣ್ಣೆಯಿರುವುದು ಸಹಜ. ಒಂದೊಂದು ತೈಲದಲ್ಲಿಯೂ ಹೈಡ್ರೋಕಾರ್ಬನ್ನುಗಳ ಬೆರಕೆಯು ಬೇರೆಬೇರೆಯಾಗಿದ್ದು, ಅದು ಬೆರಳಚ್ಚಿನಂತೆ ಗುರುತು ಹಿಡಿಯಲು ಒದಗುತ್ತದೆ. ತೀರದಲ್ಲಿ ಸಿಕ್ಕ ಎಣ್ಣೆಯು ಹಡಗಿನದೋ ದೋಣಿಯದೋ ಎಂಬುದನ್ನು ಹೀಗೆ ಅರಿಯಬಹುದು. ಹಾನಿಯು ಎಷ್ಟೆಂಬುದನ್ನು ಹೇಳಲು ಮಾತ್ರ ಹಡಗು ಬರುವುದಕ್ಕೆ ಮುಂಚಿನ ವರ್ಷಗಳಲ್ಲಿ, ಅದೇ ತೀರದಲ್ಲಿ, ಅದೇ ಋತುವಿನಲ್ಲಿ ಅಳೆದಿಟ್ಟ ನೀರು, ಕೆಸರು, ಪಚ್ಚಿಲೆಗಳ ಅಂಕಿಗಳು ಬೇಕಾಗುತ್ತವೆ.