ಬೀರುವಿನೊಳಗಿನ ಡಿಕ್ರಿ

ತುಮಕೂರಿನ ಸದಾಶಿವನಗರದ ನಿವೃತ್ತ ಮೇಷ್ಟ್ರೊಬ್ಬರು ಪರಿಚಯದವರಿಗೆ 5 ಲಕ್ಷ ರೂಪಾಯಿ ಕೈಗಡ ಕೊಟ್ಟಿದ್ದರು ಎಂದಿಟ್ಟುಕೊಳ್ಳಿ. ವರ್ಷಗಟ್ಟಲೆ ಕೋರ್ಟಿಗೆ ಅಲೆದು ದಾವೆ ಗೆದ್ದರು. ಡಿಕ್ರಿಯ ನಕಲನ್ನು ದೇವರ ಮುಂದಿಟ್ಟು ಕೈಮುಗಿದು, ಆಮೇಲೆ ಬೀರುವಿನಲ್ಲಿಟ್ಟರು. ಅದು ಅಲ್ಲೇ ಇದೆ. ಸಾಲಗಾರ ಒಂದು ಪೈಸೆಯೂ ಕೊಟ್ಟಿಲ್ಲ.

ಕೋರ್ಟು ತಾನಾಗಿ ವಸೂಲಿ ಮಾಡಿಕೊಡುವುದಿಲ್ಲ. ಗೆದ್ದವರೇ ಮತ್ತೆ ಅಮಲ್ಜಾರಿ ಅರ್ಜಿ ಹಾಕಬೇಕು. ಹೊಸ ನಂಬರು, ಹೊಸ ನೋಟಿಸು, ಹೊಸ ವಾಯಿದೆ. ಈ ದೇಶದಲ್ಲಿ ದಾವೆದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಸುಮಾರು 150 ವರ್ಷಗಳ ಹಿಂದೆಯೇ ಆಡಿತ್ತು.

ಜಪ್ತಿ ಎಂದೊಡನೆ ಅಮೀನರು ಮನೆ ಬಾಗಿಲಿಗೆ ಬಂದು ಟಿವಿ, ಬೈಕು ಹೊತ್ತೊಯ್ಯುವ ಚಿತ್ರ ಕಣ್ಣಮುಂದೆ ಬರುತ್ತದೆ. ಓಣಿಯವರೆಲ್ಲ ನೋಡುತ್ತಾರೆ, ಹರಾಜಿನಲ್ಲಿ ಹುಟ್ಟುವ ಹಣ ಮಾತ್ರ ಅಲ್ಪ. ಅದಕ್ಕಿಂತ ಸದ್ದಿಲ್ಲದ ದಾರಿಗಳು ಸಂಬಳದ ಜಪ್ತಿ ಮತ್ತು ಬ್ಯಾಂಕ್ ಖಾತೆಯ ಜಪ್ತಿ.

ಸಂಬಳದ ಲೆಕ್ಕವನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುತ್ತದೆ. ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ನೌಕರನದು. ಲೆಕ್ಕಕ್ಕೆ ಬರುವ ಸಂಬಳ 40,000 ಆದರೆ 27,000 ಅವನ ಮನೆಗೆ, 13,000 ಕೋರ್ಟಿಗೆ. ಆದರೆ ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಮಾತ್ರ ಹೀಗೆ ಹಿಡಿಯಬಹುದು. ನಮ್ಮ ಮೇಷ್ಟ್ರಿಗೆ 3,12,000 ಬಂದು ನಿಲ್ಲುತ್ತದೆ. ಉಳಿದ 1,88,000ಕ್ಕೂ ಬಡ್ಡಿಗೂ ಬೇರೆ ದಾರಿ ಹುಡುಕಬೇಕು. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಕಾನೂನು ಇನ್ನಷ್ಟು ಬಿಗಿ: ಅಲ್ಲಿ ನೌಕರನಿಗೆ ಉಳಿಯುವುದು ಮೂರನೇ ಒಂದು ಪಾಲು ಮಾತ್ರ. ಅದು ಸರಿಯಾಗಿಯೇ ಇದೆ.

ಸಂಬಳ ಬಟವಾಡೆ ಆಗುವುದು ಎಲ್ಲಿಂದ ಎಂಬ ಪ್ರಶ್ನೆಯಲ್ಲಿ ಅನೇಕರು ಎಡವುತ್ತಾರೆ. ಸಾಲಗಾರ ಸರ್ಕಾರಿ ನೌಕರನಾಗಿದ್ದರೆ, ಅಥವಾ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥ ಸರ್ಕಾರಿ ಕಂಪನಿಯಲ್ಲಿದ್ದರೆ, ಬಟವಾಡೆ ಅಧಿಕಾರಿ ಬೇರೆ ಊರಿನಲ್ಲಿದ್ದರೂ ತುಮಕೂರಿನ ಕೋರ್ಟು ಆದೇಶ ಕಳಿಸಬಹುದು. ಕುಣಿಗಲ್‌ನ ಖಾಸಗಿ ಕಾರ್ಖಾನೆಯವನಾದರೆ ಹಾಗಲ್ಲ. ಅವನ ಬಟವಾಡೆ ಅಧಿಕಾರಿ ಕೋರ್ಟಿನ ಸರಹದ್ದಿನೊಳಗೇ ಇರಬೇಕು. ಸಂಬಳ ಬೆಂಗಳೂರಿನ ಮುಖ್ಯ ಕಚೇರಿಯಿಂದ ಬರುತ್ತಿದ್ದರೆ ಡಿಕ್ರಿಯನ್ನೇ ಅಲ್ಲಿಯ ಕೋರ್ಟಿಗೆ ವರ್ಗ ಮಾಡಿಸಿಕೊಳ್ಳಬೇಕು. ಆದೇಶ ತಲುಪಿದ ಮೇಲೂ ಮಾಲೀಕ ಪೂರ್ತಿ ಸಂಬಳ ಕೊಟ್ಟರೆ, ಹಿಡಿಯಬೇಕಿದ್ದ ಹಣಕ್ಕೆ ಅವನೇ ಹೊಣೆ.

ಇನ್ನು ಬ್ಯಾಂಕು. ಖಾತೆಯಲ್ಲಿರುವ ಹಣ ಕಾನೂನಿನ ಕಣ್ಣಿಗೆ ಬ್ಯಾಂಕು ಗ್ರಾಹಕನಿಗೆ ಕೊಡಬೇಕಾದ ಸಾಲ. ಆ ಸಾಲವನ್ನು ಅವನಿಗೆ ಕೊಡಬೇಡಿ, ಕೋರ್ಟಿಗೆ ಕಟ್ಟಿ, ಇಲ್ಲವೇ ಕಾರಣ ಹೇಳಿ ಎಂದು ಬರುವುದೇ ಗಾರ್ನಿಶಿ ನೋಟಿಸು. 1976ರ ತಿದ್ದುಪಡಿ ಇದನ್ನು ಸಂಹಿತೆಯ 21ನೇ ಆದೇಶಕ್ಕೆ 46ಎ ನಿಯಮವಾಗಿ ಸೇರಿಸಿತು. ಇದು ಬ್ಯಾಂಕಿಗಷ್ಟೇ ಅಲ್ಲ. ಗುಬ್ಬಿಯ ಸಾಲಗಾರ ಮಂಡಿಗೆ ಅಡಿಕೆ, ಕೊಬ್ಬರಿ ಹಾಕಿದ್ದು ಮಂಡಿಯವರಿಂದ ಬಾಕಿ ಬರಬೇಕಿದ್ದರೆ ಅವರಿಗೂ ಇದೇ ನೋಟಿಸು ಕೊಡಿಸಬಹುದು.

ಕಾನೂನು ಸಾಲಗಾರನ ಹೊಟ್ಟೆಗೆ ಹೊಡೆಯುವುದಿಲ್ಲ. ಕೂಲಿಯವರ, ಮನೆಗೆಲಸದವರ ಕೂಲಿಯನ್ನು ಮುಟ್ಟುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಸಂಪ್ರದಾಯದಂತೆ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ರೈತನ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜ, ಭವಿಷ್ಯನಿಧಿ ಎಲ್ಲಕ್ಕೂ ರಕ್ಷಣೆಯಿದೆ. ನಿವೃತ್ತಿಯ ಪಿಂಚಣಿ, ಗ್ರಾಚ್ಯುಟಿಯನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಆ ರಕ್ಷಣೆ ಹೋಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಬರೀ ಬಡತನಕ್ಕಾಗಿ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಬಾರದೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲೇ ಬರೆದಿದ್ದರು.

ಹಾಗಾಗಿಯೇ ವಿಳಂಬ ನನ್ನನ್ನು ಕೆರಳಿಸುತ್ತದೆ. ನಿಜವಾಗಿ ಇಲ್ಲದವನನ್ನು 60ನೇ ಕಲಂ ಕಾಯುತ್ತದೆ. ವಾಯಿದೆಯ ಮೇಲೆ ವಾಯಿದೆ ಕಾಯುವುದು ಇದ್ದೂ ಇಲ್ಲವೆನ್ನುವವನನ್ನು. ಅವನು ಅಷ್ಟರಲ್ಲಿ ಖಾತೆ ಬರಿದು ಮಾಡಿರುತ್ತಾನೆ. ಅಂಥವನಿಂದ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಲು ಅದೇ 21ನೇ ಆದೇಶದ 41ನೇ ನಿಯಮವಿದೆ. ಆದೇಶ ಪಾಲಿಸದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಗೆದ್ದವರು ವಕೀಲರನ್ನು ಮೊದಲು ಕೇಳಬೇಕಾದ್ದು ಇದನ್ನು. ಅರ್ಜಿ ಹಾಕಲು ಕಾನೂನು 12 ವರ್ಷ ಕೊಡುತ್ತದೆ, ಆದರೆ ಖಾತೆಯ ಹಣ 12 ದಿನವೂ ಕಾಯುವುದಿಲ್ಲ.

ಬೆಂಗಳೂರಿನ ಒಂದು ಜಮೀನು ವ್ಯಾಜ್ಯದಲ್ಲಿ, 2021ರ ಏಪ್ರಿಲ್‌ನಲ್ಲಿ, ಅಮಲ್ಜಾರಿ ಅರ್ಜಿಗಳು ಆರು ತಿಂಗಳಲ್ಲಿ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ ಅಪ್ಪಣೆ ಮಾಡಿತು. 2025ರ ಮಾರ್ಚ್‌ನಲ್ಲಿ ಅದನ್ನೇ ಮತ್ತೆ ಹೇಳಿ, ಎಲ್ಲ ಹೈಕೋರ್ಟ್‌ಗಳಿಂದ ಲೆಕ್ಕ ಕೇಳಿತು. ಅಕ್ಟೋಬರ್‌ನಲ್ಲಿ ಮುಂದಿಟ್ಟ ಲೆಕ್ಕದಲ್ಲಿ ದೇಶದಾದ್ಯಂತ 8.82 ಲಕ್ಷ ಅರ್ಜಿಗಳು ಬಾಕಿ ಇದ್ದವು. ಕರ್ನಾಟಕದಿಂದ ಬೇಕಿದ್ದ ಮಾಹಿತಿ ಬಂದಿಲ್ಲವೆಂದು ಪೀಠ ಅಂದು ವಿಷಾದಿಸಿತು. ತುಮಕೂರು, ಗುಬ್ಬಿ, ಕುಣಿಗಲ್‌ನ ಬೀರುಗಳಲ್ಲಿ ಮಲಗಿರುವ ಡಿಕ್ರಿಗಳು ಆ ದಿನದ ಲೆಕ್ಕಕ್ಕೂ ಸಿಗಲಿಲ್ಲ.