ಹಸಿರು ನೀರಿನೊಳಗಿನ ಪೈಪೋಟಿ

ಮುನಿರಾಬಾದಿನ ದಂಡೆಯಲ್ಲಿ ನಿಂತರೆ ತುಂಗಭದ್ರಾ ಜಲಾಶಯಕ್ಕೆ ಆಚೆ ದಡವೇ ಇಲ್ಲವೆನಿಸುತ್ತದೆ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಈ ನೀರಿಗೆ ಮಳೆಗಾಲದಲ್ಲಿ ಕೆಮ್ಮಣ್ಣಿನ ಬಣ್ಣ. ಹೊಳೆಯ ರಭಸ ಇಳಿದು, ಬಿಸಿಲೇರಿ, ಗಾಳಿ ನಿಂತಾಗ ಹಿನ್ನೀರು ಹಸಿರಿಗೆ ತಿರುಗುತ್ತದೆ. ಈಚಿನ ವರ್ಷಗಳಲ್ಲಿ ಇದು ಮತ್ತೆ ಮತ್ತೆ ಆಗಿದೆ. ಪಾಚಿ ಕಟ್ಟಿದೆ ಎಂದು ಸುದ್ದಿಯಾಗುತ್ತದೆ, ಹೊಸ ನೀರು ಬಂದೊಡನೆ ಮರೆತೂ ಹೋಗುತ್ತದೆ. ಆದರೆ ಇಂಥ ಹಸಿರಿನೊಳಗೆ ಇರುವುದು ಒಂದೇ ಜೀವಿಯಲ್ಲ. ಬೆಳಕಿಗೂ ರಂಜಕಕ್ಕೂ ಸಾರಜನಕಕ್ಕೂ ಬಡಿದಾಡುತ್ತಲೇ ಒಟ್ಟಿಗೆ ಬಾಳುವ ಹಲವು ಬಗೆಯ ಸಯನೋಬ್ಯಾಕ್ಟೀರಿಯಾಗಳು, ಅಂದರೆ ನೀಲಿ-ಹಸಿರು ಪಾಚಿಗಳು ಅಲ್ಲಿರುತ್ತವೆ. ಅವುಗಳಲ್ಲಿ ಯಾವುದರ ಕೈ ಮೇಲಾಯಿತು ಎಂಬುದರ ಮೇಲೆ ನಮ್ಮ ಕೊಡದ ನೀರಿನ ಗುಣ ನಿಂತಿದೆ.

ಬೆಚ್ಚಗಿನ ಜಲಾಶಯಗಳಲ್ಲಿ ಹೆಚ್ಚಾಗಿ ಗೆಲ್ಲುವುದು ಮೈಕ್ರೋಸಿಸ್ಟಿಸ್. ಇದರ ಜೀವಕೋಶಗಳಲ್ಲಿ ಗಾಳಿ ತುಂಬಿದ ಸಣ್ಣ ಕೊಳವೆಗಳಿವೆ. ಹಗಲಿಡೀ ಬಿಸಿಲು ಹೀರಿ ಸಕ್ಕರೆ ಕೂಡಿಹಾಕಿದಾಗ ಕೋಶ ಭಾರವಾಗಿ ಕೆಳಗಿಳಿಯುತ್ತದೆ. ರಾತ್ರಿ ಆ ಸಕ್ಕರೆ ಕರಗಿ, ಹಗುರಾಗಿ ಬೆಳಗಿನ ಹೊತ್ತಿಗೆ ಮೇಲೆ ತೇಲುತ್ತದೆ. ಹೀಗೆ ಬೆಳಕನ್ನು ಮೊದಲು ತಾನೇ ಹಿಡಿದು, ಕೆಳಗಿನವಕ್ಕೆ ನೆರಳು ಮಾಡುತ್ತದೆ. ಆದರೆ ಗಾಳಿಯಲ್ಲಿನ ಸಾರಜನಕವನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಆ ಶಕ್ತಿ ಇರುವುದು ಡಾಲಿಕೋಸ್ಪರ್ಮಮ್‌ನಂಥ ಸರಪಳಿ ಪಾಚಿಗಳಿಗೆ. ನೀರಿನಲ್ಲಿ ಸಾರಜನಕ ಮುಗಿದು ರಂಜಕ ಉಳಿದಾಗ ಅವುಗಳ ಕಾಲ. ಅವು ಹಿಡಿದ ಸಾರಜನಕದಲ್ಲಿ ಒಂದಿಷ್ಟು ನೀರಿಗೆ ಸೋರುತ್ತದೆ, ಅದನ್ನು ಉಂಡು ಮೈಕ್ರೋಸಿಸ್ಟಿಸ್ ಮತ್ತೆ ಕೊಬ್ಬುತ್ತದೆ. ಮೂರನೆಯದು ರಾಫಿಡಿಯಾಪ್ಸಿಸ್. ಕಡಿಮೆ ಬೆಳಕಿನಲ್ಲೂ ಬದುಕಬಲ್ಲ, ರಂಜಕ ಸಿಕ್ಕಾಗ ಕೂಡಿಟ್ಟುಕೊಳ್ಳುವ ಇದು ಕಲಕಿದ ನೀರಿನಲ್ಲೂ ಕಾದು ಕುಳಿತಿರುತ್ತದೆ.

ಹಾಗಾದರೆ ಒಂದೇ ಗೆದ್ದು ಉಳಿದವು ಯಾಕೆ ಅಳಿಯುವುದಿಲ್ಲ? ಈ ಪ್ರಶ್ನೆಯನ್ನು 1961ರಲ್ಲಿ ಪರಿಸರ ವಿಜ್ಞಾನಿ ಜಿ. ಎವಲಿನ್ ಹಚಿನ್ಸನ್ ಎತ್ತಿದರು. ಅವರ ಉತ್ತರ ಇಂದಿಗೂ ನಿಂತಿದೆ: ಒಂದು ಜೀವಿ ಪೂರ್ತಿ ಗೆಲ್ಲುವ ಮೊದಲೇ ನೀರಿನ ಸ್ಥಿತಿ ಬದಲಾಗಿಬಿಡುತ್ತದೆ. ಕಾಲುವೆಗೆ ನೀರು ಬಿಟ್ಟಾಗೆಲ್ಲ ಮಟ್ಟ ಇಳಿಯುವ, ಮುಂಗಾರಿನಲ್ಲಿ ಹೊಸದಾಗಿ ತುಂಬುವ ನಮ್ಮ ಡ್ಯಾಮಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಆತಂಕದ್ದು. ಮೈಕ್ರೋಸಿಸ್ಟಿಸ್‌ನಲ್ಲೇ ವಿಷ ಮಾಡುವ ತಳಿಗಳೂ ಮಾಡದ ತಳಿಗಳೂ ಒಂದೇ ನೀರಿನಲ್ಲಿ ಜೊತೆಜೊತೆಗೆ ಇರುತ್ತವೆ. ಸೂಕ್ಷ್ಮದರ್ಶಕದಲ್ಲೂ ಅವು ಒಂದೇ ರೀತಿ ಕಾಣುತ್ತವೆ. ನೀರಿನಲ್ಲಿ ವಿಷವನ್ನೇ ಅಳೆಯದೆ ಬೇರೆ ದಾರಿಯಿಲ್ಲ.

ಈ ಪೈಪೋಟಿಗೆ ಮೇವು ಹಾಕುತ್ತಿರುವವರು ನಾವೇ. ಜಲಾನಯನ ಪ್ರದೇಶದ ಹೊಲಗದ್ದೆಗಳ ಡಿಎಪಿ, ಯೂರಿಯಾ ಮಳೆಯಲ್ಲಿ ತೊಳೆದು ಬರುತ್ತದೆ. ಶಿವಮೊಗ್ಗ, ಭದ್ರಾವತಿ, ಹರಿಹರದಂಥ ನದಿದಂಡೆಯ ಊರುಗಳ ಚರಂಡಿ ನೀರು ಅದಕ್ಕೆ ಸೇರುತ್ತದೆ. ಮೊದಲು ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದ 105.788ಕ್ಕೆ ಇಳಿದಿರುವುದು ನಮ್ಮ ರೈತರಿಗೆ ಬಾಯಿಪಾಠ. ಹೂಳು ನುಂಗಿದ್ದು ಜಾಗವನ್ನು ಮಾತ್ರವಲ್ಲ. ವರ್ಷಗಳ ರಂಜಕ ಅದರಲ್ಲಿ ಕೂತಿರುತ್ತದೆ; ತಳದಲ್ಲಿ ಆಮ್ಲಜನಕ ತೀರಿದಾಗ ಅದು ಬಿಡಿಸಿಕೊಂಡು ಮೇಲೆ ಬರುತ್ತದೆ. ಹಾಗಾಗಿ ಮೇಲಿನ ಗೊಬ್ಬರ ಇವತ್ತೇ ನಿಂತರೂ ಹಸಿರು ನಾಳೆಗೇ ನಿಲ್ಲುವುದಿಲ್ಲ.

ಡ್ಯಾಮಿನ ಕೆಳಗಿರುವ ಗಂಗಾವತಿಯ ಗೊಬ್ಬರ ಈ ನೀರಿಗೆ ಸೇರುವುದಿಲ್ಲ, ಬಸಿದು ಮುಂದಿನ ನದಿಗೆ ಹೋಗುತ್ತದೆ. ಆದರೆ ಅಲ್ಲಿನ ಭತ್ತದ ಗದ್ದೆಗೆ ಇದೇ ಕುಲದ ಜೀವಿಗಳು ನೆಂಟರು. ಗದ್ದೆ ನೀರಿನ ನೀಲಿ-ಹಸಿರು ಪಾಚಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ ಎಂದು ಭಾರತೀಯ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದರು. ಅಜೋಲ ಬೆಳೆಸುವ ರೈತರು ಅದರ ಎಲೆಯೊಳಗಿನ ಇಂಥದೇ ಪಾಚಿಯ ದುಡಿಮೆಯನ್ನು ಬಳಸುತ್ತಿದ್ದಾರೆ. ಆದ್ದರಿಂದ ಹಸಿರು ಕಂಡಲ್ಲೆಲ್ಲ ಕೊಲ್ಲಬೇಕು ಎಂಬ ಆತುರ ಬೇಡ.

ಕುಡಿಯುವ ನೀರಿನಲ್ಲಿ ಆ ಆತುರ ಅಪಾಯವೂ ಹೌದು. ಮೈಲುತುತ್ತ ಸುರಿದರೆ ಪಾಚಿ ಸಾಯುತ್ತದೆ, ಆದರೆ ಕೋಶ ಒಡೆದು ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬರುತ್ತದೆ. ಮೈಕ್ರೋಸಿಸ್ಟಿಸ್ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. 2014ರ ಆಗಸ್ಟಿನಲ್ಲಿ ಅಮೆರಿಕದ ಟೊಲೆಡೊ ನಗರ ಮತ್ತು ಸುತ್ತಲಿನ ಸುಮಾರು 4 ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಹೇಳಬೇಕಾಯಿತು. 1996ರಲ್ಲಿ ಬ್ರೆಜಿಲ್‌ನ ಕರುವಾರು ಊರಿನಲ್ಲಿ ಈ ವಿಷವಿದ್ದ ನೀರನ್ನು ಡಯಾಲಿಸಿಸ್‌ಗೆ ಬಳಸಿದ್ದರಿಂದ 50ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ದಿನನಿತ್ಯ ಕುಡಿಯುವ ನೀರಿನಲ್ಲಿ ಈ ವಿಷಕ್ಕೆ ಇಟ್ಟ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಕೋಶ ಒಡೆಯದಂತೆ ಮೊದಲು ಪಟಿಕದಿಂದ ತಳಗೂಡಿಸಿ ಸೋಸುವುದು, ಆಮೇಲೆ ಸಕ್ರಿಯ ಇದ್ದಿಲು, ಕೊನೆಗೆ ಕ್ಲೋರಿನ್: ಸರಿಯಾದ ಕ್ರಮ ಇದು.

ಕುಷ್ಟಗಿ, ಯಲಬುರ್ಗಾದ ಜನ ಬೋರ್‌ವೆಲ್ಲಿನ ಫ್ಲೋರೈಡಿಗೆ ಹಲ್ಲು, ಮೂಳೆ ಕಳೆದುಕೊಂಡವರು. ಅವರಿಗೆ ಜಲಾಶಯಗಳ ನೀರು ಬಿಡುಗಡೆಯ ದಾರಿ. ಆ ದಾರಿಯಲ್ಲಿ ಇನ್ನೊಂದು ವಿಷ ಕಾದಿರಬಾರದು. ಕುಡಿಯುವ ನೀರೆತ್ತುವ ಜಾಕ್‌ವೆಲ್‌ಗಳಲ್ಲಿ ನೀರು ಹಸಿರಾಗುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಪಾಚಿಯ ಜಾತಿ, ಕೋಶಗಳ ಎಣಿಕೆ, ಮೈಕ್ರೋಸಿಸ್ಟಿನ್ ಪ್ರಮಾಣ ಅಳೆಯಬೇಕು. ಫಲಿತಾಂಶ ಪಂಚಾಯಿತಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯಬೇಕು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಜೊತೆ ಹಿರೇಹಳ್ಳಕ್ಕಿಳಿದು ಹೂಳು, ಕಸ ತೆಗೆದ ಜಿಲ್ಲೆ ನಮ್ಮದು. ಇಷ್ಟನ್ನು ಕೇಳಿ ಪಡೆಯುವುದು ನಮಗೆ ಅಸಾಧ್ಯವಲ್ಲ. ಹಸಿರು ಕೆನೆ ಕಟ್ಟಿದ ದಡದಲ್ಲಿ ದನಕರುಗಳಿಗೆ ನೀರು ಕುಡಿಸಬೇಡಿ, ಮಕ್ಕಳನ್ನು ಈಜಲು ಬಿಡಬೇಡಿ. ಮುಂದಿನ ಗ್ರಾಮಸಭೆಯಲ್ಲಿ ನೀರಿನ ಪರೀಕ್ಷಾ ವರದಿ ಕೇಳಿ.