ಸಾವಿರ ಹೆಂಚುಗಳಲ್ಲಿ ಅತಿ ದುರ್ಬಲವಾದುದು

ಮಂಗಳೂರು ಹೆಂಚಿನ ಹೆಸರನ್ನು ಕೇಳದವರು ವಿರಳ. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣನ್ನು ಹದಗೊಳಿಸಿ, ಯಂತ್ರದಲ್ಲಿ ಒತ್ತಿ, ಒಣಗಿಸಿ, ಸುಟ್ಟು ಹೆಂಚು ಮಾಡುವ ಉದ್ಯಮವನ್ನು 1860ರ ದಶಕದಲ್ಲಿ ಬಾಸೆಲ್ ಮಿಶನ್ ಈ ನಗರದಲ್ಲಿ ಆರಂಭಿಸಿತು. ಮುಂದೆ ಎಷ್ಟೋ ಶಾಲೆ, ಕಚೇರಿ, ಮನೆಗಳ ಮಾಡುಗಳಿಗೆ ಈ ಹೆಂಚೇ ಹೊದಿಕೆಯಾಯಿತು.

ಒಂದು ಶಾಲೆಯ ಮಾಡಿಗೆ ಸಾವಿರ ಹೆಂಚುಗಳನ್ನು ಹೊದಿಸಲಾಗಿದೆ ಎನ್ನೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಅವುಗಳ ಪೈಕಿ ಒಂದು ಒಡೆದರೂ ನೀರು ಮಕ್ಕಳ ಮೇಲೆ ಬೀಳುವುದು. ಉಳಿದ 999 ಹೆಂಚುಗಳ ಗಟ್ಟಿತನ ಆ ಸ್ಥಳದಲ್ಲಿ ನೆರವಿಗೆ ಬಾರದು. ಆದುದರಿಂದ ಇಲ್ಲಿ ಕೇಳಬೇಕಾದುದು ಹೆಂಚಿನ ಸರಾಸರಿ ಬಲವನ್ನಲ್ಲ, ಅತಿ ದುರ್ಬಲ ಹೆಂಚಿನ ಬಲವನ್ನು.

ಮಣ್ಣಿನ ಹದ, ಒಣಗಿದ ಬಗೆ, ಆವಿಗೆಯ ಕಾವು ಇವುಗಳಿಗೆ ಅನುಸಾರವಾಗಿ ಹೆಂಚಿನಿಂದ ಹೆಂಚಿಗೆ ಬಲವು ವ್ಯತ್ಯಾಸವಾಗುವುದು. ಇಂತಹ ಪರಿಮಾಣವನ್ನು ಸಂಭವನೀಯತಾ ಶಾಸ್ತ್ರವು ಯಾದೃಚ್ಛಿಕ ಚರವೆಂದು ಕರೆಯುತ್ತದೆ. ಉದಾಹರಣೆಗಾಗಿ ಬಲವು 80ರಿಂದ 120 ಮಾನಗಳವರೆಗೆ ಎಲ್ಲೆಡೆ ಸಮನಾಗಿ ಹಂಚಿದೆಯೆಂದು ಊಹಿಸೋಣ. ಸರಾಸರಿ 100. ಮೂರು ಹೆಂಚುಗಳನ್ನು ಆರಿಸಿದರೆ ಕನಿಷ್ಠ ಬಲದ ನಿರೀಕ್ಷಿತ ಮೌಲ್ಯವೆಷ್ಟು?

80ರಿಂದ 120ರವರೆಗಿನ ಗೆರೆಯ ಎರಡು ತುದಿಗಳನ್ನು ಕೂಡಿಸಿ ಬಳೆಯಾಗಿಸಿರಿ. ಮೂರು ಹೆಂಚುಗಳ ಮೂರು ಬಿಂದುಗಳು, ಬೆಸುಗೆಯ ಒಂದು ಬಿಂದು. ಒಟ್ಟು ನಾಲ್ಕು ಬಿಂದುಗಳು, ನಾಲ್ಕು ಅಂತರಗಳು. ಯಾವ ಅಂತರಕ್ಕೂ ವಿಶೇಷ ಸ್ಥಾನವಿಲ್ಲದ್ದರಿಂದ ಪ್ರತಿಯೊಂದರ ಸರಾಸರಿ 40ರಲ್ಲಿ ನಾಲ್ಕನೆಯ ಒಂದು ಭಾಗ, ಅಂದರೆ 10. ಆದುದರಿಂದ ಕನಿಷ್ಠವು ಸರಾಸರಿಯಾಗಿ 90. ಒಂಬತ್ತು ಹೆಂಚುಗಳಿಗೆ ಅದು 84. ಸಾವಿರಕ್ಕೆ ಸುಮಾರು 80.04. ಸಂಖ್ಯೆ ಹೆಚ್ಚಿದಂತೆ ಕನಿಷ್ಠವು ಕೆಳತುದಿಗೆ ಸರಿಯುತ್ತದೆ.

ಸಾಮಾನ್ಯ ನಿಯಮವೂ ಸರಳವೇ. ಕನಿಷ್ಠ ಬಲವು ಒಂದು ಭಾರಕ್ಕಿಂತ ಹೆಚ್ಚಾಗಿರಬೇಕಾದರೆ ಎಲ್ಲ ಹೆಂಚುಗಳೂ ಆ ಭಾರವನ್ನು ತಾಳಬೇಕು. ಹೆಂಚುಗಳು ಪರಸ್ಪರ ಸ್ವತಂತ್ರವಾಗಿದ್ದರೆ ಅವುಗಳ ಸಂಭವನೀಯತೆಗಳನ್ನು ಗುಣಿಸಿದರಾಯಿತು. ಒಂದು ತಾಳುವ ಸಂಭವನೀಯತೆ 0.9 ಆದರೆ, ಇಪ್ಪತ್ತೂ ತಾಳುವುದು ಸುಮಾರು 0.12 ಮಾತ್ರ. ಭಾರವು ಸೊನ್ನೆಯಿಂದ ಏರಿದಂತೆ ಈ ಗುಣಲಬ್ಧವು ಇಳಿಯುವ ರೇಖೆಯ ಕೆಳಗಿನ ಕ್ಷೇತ್ರಫಲವೇ ಕನಿಷ್ಠದ ನಿರೀಕ್ಷಿತ ಮೌಲ್ಯ.

ಆದರೆ ಕೆಳತುದಿ 80 ಎಂಬುದು ನಮ್ಮ ಊಹೆಯಷ್ಟೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯ ಬಲವೆಂಬ ತತ್ತ್ವವನ್ನು ಆಧರಿಸಿ ಸ್ವೀಡನ್ನಿನ ಎಂಜಿನಿಯರ್ ವಾಲೊಡಿ ವೈಬುಲ್ 1939ರಲ್ಲಿ ವಸ್ತುಗಳ ಬಲವನ್ನು ವಿವರಿಸುವ ಒಂದು ಹಂಚಿಕೆಯನ್ನು ನಿರೂಪಿಸಿದರು. ಸೊನ್ನೆಯಿಂದ ಆರಂಭವಾಗುವ ಅದರ ರೂಪದಲ್ಲಿ ಆಕಾರಾಂಕವನ್ನು 10 ಎಂದಿಟ್ಟು, ಸರಾಸರಿಯನ್ನು 100 ಎಂದೇ ಇರಿಸಿದರೆ, ಚದರಿಕೆಯೂ ಹೆಚ್ಚುಕಡಿಮೆ ಮೊದಲಿನಷ್ಟೇ, ಸರಾಸರಿಯ ಶೇಕಡ 12ರಷ್ಟು, ಬರುತ್ತದೆ. ಆದರೂ ಸಾವಿರ ಹೆಂಚುಗಳ ಕನಿಷ್ಠದ ನಿರೀಕ್ಷೆ 80 ಅಲ್ಲ, ಸುಮಾರು 50! ಸರಾಸರಿ ಒಂದೇ, ಚದರಿಕೆ ಒಂದೇ. ಮಾಡಿನ ಭವಿಷ್ಯ ಮಾತ್ರ ಬೇರೆ.

ಸ್ವಾತಂತ್ರ್ಯದ ಊಹೆಯನ್ನೂ ಪರೀಕ್ಷಿಸಬೇಕು. ಒಂದೇ ಆವಿಗೆಯಲ್ಲಿ ಬೆಂದ ಹೆಂಚುಗಳು ಒಟ್ಟಾಗಿ ಕೆಡಬಲ್ಲವು. ಅಲ್ಲಿ ಗುಣಾಕಾರ ಸಲ್ಲದು. ಆದಕಾರಣ ನಾಲ್ಕಾರು ಹೆಂಚುಗಳನ್ನು ಪರೀಕ್ಷಿಸಿ, ಸರಾಸರಿ ತೆಗೆದು ತೃಪ್ತರಾಗಕೂಡದು. ಬೇರೆ ಬೇರೆ ಸುಡುವಿಕೆಯ ಅನೇಕ ಹೆಂಚುಗಳನ್ನು ಒತ್ತಿ ನೋಡಿ, ಬಲಹೀನವಾದವುಗಳ ಕಡೆಗೆ ವಿಶೇಷ ಗಮನವೀಯಬೇಕು. ಮಾಡಿನ ಕೆಳಗೆ ಕುಳಿತು ಓದುವ ಮಗುವಿಗೆ ಆಸರೆಯಾಗುವುದು ಸರಾಸರಿ ಹೆಂಚಲ್ಲ, ಅದರ ತಲೆಯ ಮೇಲಿರುವ ಹೆಂಚು.